ಎದುರುಮನೆಯ ದ್ವೀಪದ ನೂಡಲ್ಸ್

ಎದುರುಮನೆಯ ಜಪಾನಿನ ಹೆಂಗಸು ಊರಿಗೆ ಹೊರಡುವ ಮೊದಲು ನಿಮಗೆ ಒಂದು ಕಟ್ಟು ಸಪೂರದ ನೂಡಲ್ಸ್ ಕೊಟ್ಟು ಹೋಗಿದ್ದರು. ಮೊಮ್ಮಕ್ಕಳೇ, ನೀವು ಮೂವರೂ ಎರಡೇ ದಿನದಲ್ಲಿ ಅದನ್ನು ತಿಂದು ಮುಗಿಸಿದಿರಿ. ಅದು ಎಲ್ಲಿ, ಹೇಗೆ ಆಯಿತೆಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಮಾತಾಡುವುದಕ್ಕಿಂತ ಬರೆಯುವುದು ನನಗೆ ಸುಲಭ. ಮನೆಮಾತು ಬ್ಯಾರಿಯಾದರೂ ಶಾಲೆಯಲ್ಲಿ ಕಲಿತ ಅಕ್ಷರ ಕನ್ನಡದ್ದು, ಹಾಗಾಗಿ ಕನ್ನಡದಲ್ಲೇ ಬರೆಯುತ್ತೇನೆ. ಓದಲು ಕಷ್ಟವಾದರೆ ನಿಮ್ಮ ಉಮ್ಮನನ್ನು, ಅಂದರೆ ನನ್ನ ಸೊಸೆಯನ್ನು, ಕೇಳಿ. ಅವಳು ಎಲ್ಲವನ್ನೂ ನೋಡಿದ್ದಾಳೆ.

ನಿಮ್ಮ ಅಜ್ಜ ತೀರಿಹೋದ ಮೇಲೆ ನಾನು ಸೌದಿಯ ದಹ್ರಾನಿಗೆ, ನಿಮ್ಮ ಮನೆಗೆ ಬಂದೆ. ಈ ಕಂಪನಿ ಕ್ಯಾಂಪಿನಲ್ಲಿ ಎರಡು ವರ್ಷ ನಾನು ಎದುರುಮನೆಯವರ ಜೊತೆ ಮಾತಾಡಿದ್ದೆಂದರೆ ತಲೆ ಆಡಿಸಿದ್ದು ಅಷ್ಟೇ. ನೀರುದೋಸೆ ಮಾಡಿದ ದಿನ ಒಂದು ತಟ್ಟೆ ಕಳಿಸುತ್ತಿದ್ದೆ. ತಟ್ಟೆ ತೊಳೆದು, ಒರೆಸಿ, ಅದರಲ್ಲಿ ಎರಡು ಕಿತ್ತಳೆ ಇಟ್ಟು ವಾಪಸು ಬರುತ್ತಿತ್ತು.

ಕಳೆದ ಸೆಪ್ಟೆಂಬರಿನ ಒಂದು ಬುಧವಾರ ನೀವು ಶಾಲೆಗೆ ಹೋದ ಮೇಲೆ ನಾನೂ ನಿಮ್ಮ ಉಮ್ಮನೂ ತಟ್ಟೆ ಹಿಡಿದುಕೊಂಡು ಅಲ್ಲಿಗೆ ಹೋದೆವು. ಬಾಗಿಲು ತೆರೆದೇ ಇತ್ತು. ಆ ಹೆಂಗಸು ನೆಲದ ಮೇಲೆ ಕೂತಿದ್ದರು, ಕಣ್ಣು ಕೆಂಪಾಗಿತ್ತು. ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಎರಡು ಕೋಲು ಸಿಕ್ಕಿಸಿದ್ದರು. ಮೈದಾ ಹಿಟ್ಟಿನ ಎಳೆಗಳು ತುಂಡುತುಂಡಾಗಿ ಚಾಪೆಯ ತುಂಬ ಬಿದ್ದಿದ್ದವು.

ನಿಮ್ಮ ಉಮ್ಮ ಇಂಗ್ಲಿಷಿನಲ್ಲಿ ವಿಚಾರಿಸಿ ನನಗೆ ತಿಳಿಸಿದಳು. ಅವರ ಊರು ಜಪಾನಿನ ಪಶ್ಚಿಮ ತುದಿಯಲ್ಲಿರುವ ಗೋತೋ ಎಂಬ ದ್ವೀಪಗಳಲ್ಲಿ. ಅಲ್ಲಿ ನೂಡಲ್ಸನ್ನು ಕತ್ತಿಯಿಂದ ಕತ್ತರಿಸುವುದಿಲ್ಲ. ಹಿಟ್ಟಿನ ಹಗ್ಗಕ್ಕೆ ಕೆಮೇಲಿಯಾ ಎಂಬ ಕೆಂಪು ಹೂವಿನ ಬೀಜದ ಎಣ್ಣೆ ಸವರಿ, ಎರಡು ಕೋಲಿಗೆ ಎಂಟರ ಆಕಾರದಲ್ಲಿ ಸುತ್ತಿ, ಸ್ವಲ್ಪ ಸ್ವಲ್ಪವೇ ಎಳೆದು ದಾರದಷ್ಟು ಸಪೂರ ಮಾಡುತ್ತಾರೆ. ಅವರ ತಾಯಿಗೆ ತೊಂಬತ್ತು ದಾಟಿದೆ. ಆಯುಷ್ಯವಿಡೀ ಅದೇ ಕೆಲಸ. ಇವರು ಮಾತ್ರ ಹದಿನೆಂಟಕ್ಕೇ ‘ನನಗೆ ಈ ಹಿಟ್ಟಿನ ಕೆಲಸ ಬೇಡ’ ಎಂದು ಊರು ಬಿಟ್ಟವರು. ಈಗ ಗಂಡನಿಗೆ ನಿವೃತ್ತಿ, ಎರಡು ತಿಂಗಳಲ್ಲಿ ಊರಿಗೆ ವಾಪಸು. ಅಮ್ಮನ ಕೆಲಸ ಮುಂದುವರಿಸುತ್ತೇನೆಂದು ಫೋನಿನಲ್ಲಿ ಹೇಳಿದ್ದಾರೆ. ಮುದುಕಿ ನಂಬಿಲ್ಲ.

“ಶುಕ್ರವಾರ ಊರಿನಲ್ಲಿ ಯಾರೋ ಒಬ್ಬ ಇವರ ಅಮ್ಮನ ಕೋಲು, ಚೌಕಟ್ಟು ಎಲ್ಲ ಕೊಂಡ್ಹೋಗ್ಲಿಕ್ಕೆ ಬರ್ತಾನಂತೆ ಉಮ್ಮಾ,” ಎಂದಳು ಸೊಸೆ. “ಅದರೊಳಗೆ ಇವರು ಒಂದು ಕಟ್ಟು ಸರಿಯಾಗಿ ಎಳೆದು ತೋರಿಸಿದ್ರೆ ಕೊಡುದಿಲ್ಲ, ಇಲ್ಲದಿದ್ರೆ ಕೊಟ್ಟುಬಿಡುದು ಅಂತ ಅಮ್ಮ ಹೇಳಿದ್ದಾರಂತೆ. ಮೂರು ದಿನದಿಂದ ಎಳೀತಿದ್ದಾರೆ, ಎಲ್ಲ ತುಂಡು.”

ನಾನು ಬಗ್ಗಿ ಒಂದು ಎಳೆ ಮುಟ್ಟಿದೆ. ಒಳಗೆ ಮೆತ್ತಗೆ, ಹೊರಗೆ ದೊರಗು. ಆ ದೊರಗು ನನ್ನ ಬೆರಳಿಗೆ ಚೆನ್ನಾಗಿ ಗೊತ್ತು. ನಿಮ್ಮ ಅಜ್ಜ ಇದೇ ದೇಶದ ಅಲ್ ಅಹ್ಸಾದ ಖರ್ಜೂರದ ಅಂಗಡಿಯಲ್ಲಿ ಇದ್ದಷ್ಟು ವರ್ಷವೂ ನಾನು ಊರಿನಲ್ಲಿ ಬೀಡಿ ಕಟ್ಟಿದವಳು. ಒಣಗಿದ ಬೀಡಿ ಎಲೆ ಹೀಗೆಯೇ, ಸುತ್ತಲು ಹೋದರೆ ಸೀಳುತ್ತದೆ.

“ಒಣಗಿದೆ. ನೀರು ಬೇಕು,” ಎಂದೆ.

ಎಲೆಗೆ ಚಿಮುಕಿಸುವಂತೆ ಕೈಯಲ್ಲಿ ನೀರು ತೆಗೆದುಕೊಂಡು, ಕೋಲಿಗೆ ಸುತ್ತಿದ್ದ ಹೊಸ ಹಿಟ್ಟಿನ ಮೇಲೆ ಚಿಮುಕಿಸಿದೆ. ಕೇಳಲೂ ಇಲ್ಲ. ಎರಡು ನಿಮಿಷದಲ್ಲಿ ಎಳೆಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾದವು. ಅವರು ಅದನ್ನು ಕೆರೆದು ಕಸದ ಡಬ್ಬಿಗೆ ಹಾಕಿ, ನನಗೆ ತಲೆಬಾಗಿದರು. ಬೈದಿದ್ದರೆ ವಾಸಿಯಿತ್ತು. ಆ ದಿನ ಅವರು ಹದ ಮಾಡಿಟ್ಟಿದ್ದ ಹಿಟ್ಟನ್ನೂ ಕೆಡಿಸಿ ಬಂದಿದ್ದೆ.

ಮಧ್ಯಾಹ್ನ ಮನೆಯಲ್ಲಿ ಕೂತು ಯೋಚಿಸಿದೆ. ಎಲೆ ನೀರು ಕುಡಿಯುತ್ತದೆ, ಹಿಟ್ಟು ಕುಡಿಯುವುದಿಲ್ಲ. ಅದು ಸರಿ. ಆದರೆ ಎಲೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಹದ ಮಾಡಿದ ಮೇಲೆ ಕಟ್ಟಲು ಕೂತಾಗ ನಾವು ಏನು ಮಾಡುತ್ತಿದ್ದೆವು? ಗಾಳಿಗೆ ಎಲೆ ಒಣಗುತ್ತದೆಂದು ಫ್ಯಾನ್ ಹಾಕುತ್ತಿರಲಿಲ್ಲ. ಎಷ್ಟೇ ಬೆವರು ಸುರಿಯಲಿ, ಬೀಡಿ ಕಟ್ಟುವ ಕೋಣೆಯಲ್ಲಿ ಫ್ಯಾನ್ ಹಾಕಿದವಳಿಗೆ ಬೈಗುಳ ಗ್ಯಾರಂಟಿ. ಎದುರುಮನೆಯಲ್ಲಿಯೋ, ಹಗಲೂ ರಾತ್ರಿ ಎಸಿ. ಹೊರಗೆ ನೋಡಿದರೆ ಸಮುದ್ರದ ಕಡೆಯ ಗಾಳಿ ಬೀಸಿ ಕಿಟಕಿಯ ಗಾಜಿನ ಹೊರಮೈಯಲ್ಲಿ ನೀರು ಇಳಿಯುತ್ತಿತ್ತು.

ಗುರುವಾರ ಬೆಳಗ್ಗೆ ನೀವು ಬಸ್ ಹತ್ತಿದ ಕೂಡಲೇ ನಾನೊಬ್ಬಳೇ ಹೋಗಿ ಅವರ ಬೆಲ್ ಒತ್ತಿದೆ. ಈ ದೇಶದಲ್ಲಿ ನಾನಾಗಿ ಒತ್ತಿದ ಮೊದಲ ಬೆಲ್ ಅದು. ಅವರು ಹೊಸ ಹಿಟ್ಟು ಹದ ಮಾಡಿ ಹಗ್ಗ ಮಾಡುತ್ತಿದ್ದರು. ನಾನು ಸೀದಾ ಒಳಗೆ ಹೋಗಿ ಎಸಿ ಆರಿಸಿದೆ, ಹಾಲ್‌ನ ಮೂರೂ ಕಿಟಕಿ ತೆರೆದೆ. ಅವರು ಬಾಯಿ ತೆರೆದು ನೋಡಿದರು. ನಾನು ಹಿಟ್ಟು ತೋರಿಸಿದೆ, ಎಸಿ ತೋರಿಸಿದೆ, ಬೇಡವೆಂದು ಕೈ ಆಡಿಸಿದೆ. ಅವರು ಹೊರಗಿನ ಗಾಳಿಗೆ ಮುಖ ಒಡ್ಡಿ ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ತಲೆ ಆಡಿಸಿದರು.

ಅರ್ಧ ಗಂಟೆಯಲ್ಲಿ ನಿಮ್ಮ ಉಮ್ಮ ಹುಡುಕಿಕೊಂಡು ಬಂದಳು.

“ಅಯ್ಯೋ, ಎಂತ ಉಮ್ಮಾ ಇದು! ನೂಡಲ್ಸ್ ಬೇಯಿಸ್ಲಿಕ್ಕುಂಟಾ, ನಮ್ಮನ್ನು ಬೇಯಿಸ್ಲಿಕ್ಕುಂಟಾ?”

“ನಿನಗೆ ಸೆಕೆಯಾದ್ರೆ ಮನೆಗೆ ಹೋಗು ಮಾರಾಯ್ತಿ.”

“ಹೋಗ್ಲಿಕ್ಕೆ ಬಿಡ್ತೀರಾ ನೀವು? ನಾನು ಹೋದ್ರೆ ಇಬ್ಬರೂ ಕೈ ಆಡಿಸಿಕೊಂಡೇ ಕೂತ್ಕೊಳ್ತೀರಿ,” ಎಂದು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಅವಳೂ ಕೂತಳು.

ಆ ಹಿಟ್ಟನ್ನು ಒಂದೇ ಸಲ ಎಳೆಯುವ ಹಾಗಿಲ್ಲ. ಸ್ವಲ್ಪ ಎಳೆದು ಬಟ್ಟೆ ಮುಚ್ಚಿ ಬಿಡಬೇಕು, ಅದು ದಣಿವಾರಿಸಿಕೊಂಡ ಮೇಲೆ ಮತ್ತೆ ಎಳೆಯಬೇಕು. ಹಾಗೆ ಬಿಟ್ಟ ಹೊತ್ತಿನಲ್ಲಿ, ದ್ವೀಪದಲ್ಲೇ ಇರುವ ಅವರ ಅಕ್ಕ ವಿಡಿಯೊ ಕರೆ ಮಾಡಿ, ಫೋನ್ ಹಿಡಿದುಕೊಂಡು ನಡೆಯುತ್ತ ನಮಗೆ ಊರು ತೋರಿಸಿದರು. ಅಕ್ಕನದು ಮೀನುಗಾರರ ಮನೆ. ಭುಜದ ನೋವಿನಿಂದ ಕೈ ಮೇಲೆತ್ತಲಾಗದು, ಇಲ್ಲದಿದ್ದರೆ ಅವರೇ ಎಳೆಯುತ್ತಿದ್ದರಂತೆ. ನಮಗೆ ಬೆಳಗ್ಗೆ, ಅಲ್ಲಿ ಮಧ್ಯಾಹ್ನ ದಾಟಿತ್ತು. ಸಣ್ಣ ಬಂದರು, ದೋಣಿಗಳು ನಮ್ಮೂರಿನವುಗಳಷ್ಟೇ ಉದ್ದ, ಆದರೆ ತೊಳೆದಿಟ್ಟ ಪಾತ್ರೆಯ ಹಾಗೆ ಬಿಳಿ. ದಾರಿಯ ಎರಡೂ ಬದಿಗೆ ಕೆಮೇಲಿಯಾ ಗಿಡದ ಬೇಲಿ. ಹೂವಿನ ಕಾಲವಲ್ಲ, ಒಡೆದ ಕಾಯಿಗಳಿದ್ದವು. ಕಡಲ ಬದಿಯ ಒಂದು ಮೂಲೆಯಲ್ಲಿ, ಹಿಂದೆ ಊರಿನವರೇ ಕಲ್ಲು ಕಡಿದು ಕಟ್ಟಿದ ಪುಟ್ಟ ಚರ್ಚು. ಗುಡ್ಡದ ತುದಿಯಲ್ಲಿ ದೀಪಸ್ತಂಭ. ಅಲ್ಲಿಗೆ ಹತ್ತುವಾಗ ಅಕ್ಕ ಏದುಸಿರು ಬಿಡುವುದು ನಮಗೆ ಕೇಳಿಸುತ್ತಿತ್ತು. ಒಂದು ಅಂಗಳದಲ್ಲಿ ಸುಟ್ಟ ಹಾರುಮೀನುಗಳನ್ನು ರೆಕ್ಕೆ ಸಮೇತ ಸಾಲಾಗಿ ಒಣಗಲು ಇಟ್ಟಿದ್ದರು.

“ನಮ್ಮಲ್ಲೂ ದೋಣಿಯ ಒಳಗೆ ಹಾರಿ ಬೀಳ್ತದೆ ಅಂತ ಹೇಳು,” ಎಂದೆ. ಸೊಸೆ ಹೇಳಿದಳು. ಫೋನಿನ ಆಚೆ ಅಕ್ಕ ಏನೋ ಅಂದು ಜೋರಾಗಿ ನಕ್ಕರು. ಹಾಗಾದರೆ ನಾವೆಲ್ಲ ಒಂದೇ ಊರಿನವರು ಎಂದರಂತೆ.

ಕೊನೆಯ ಎಳೆತಕ್ಕೆ ಮುದುಕಿಯೇ ಫೋನಿಗೆ ಬಂದರು. ಗುಬ್ಬಿಯಷ್ಟು ಸಣ್ಣ ಮುಖ. ನಗುವಿಲ್ಲ. ಸೊಸೆ ಫೋನ್ ಹಿಡಿದಳು. ಮೇಲಿನ ಕೋಲು ಸ್ಟ್ಯಾಂಡಿನಲ್ಲಿ. ಕೆಳಗಿನ ಕೋಲನ್ನು ಎದುರುಮನೆಯವರು ಎರಡೂ ಕೈಯಲ್ಲಿ ಹಿಡಿದು ಎಳೆದರು. ಎಳೆಗಳು ಮೊಣಕಾಲಿಗೆ ಇಳಿದವು, ಪಾದಕ್ಕೆ ಇಳಿದವು. ಸ್ಟ್ಯಾಂಡ್ ಮುಂದಕ್ಕೆ ವಾಲಿತು. ನಾನು ಓಡಿಹೋಗಿ ಅದನ್ನು ಅಪ್ಪಿ ಹಿಡಿದೆ. ಬದಿಯ ಎರಡು ಎಳೆ ಪಟ್ಟೆಂದು ಹೋದವು. ಉಳಿದವು ಹಾಗೆಯೇ ನಿಂತವು, ಬೆಳಕು ಆಚೆಯಿಂದ ಕಾಣುವಷ್ಟು ಸಪೂರ.

ಮುದುಕಿ ಏನೋ ಗೊಣಗಿದರು. ಇವರ ಮುಖ ಬಾಡಿತು, ಸೊಸೆಗೆ ಇಂಗ್ಲಿಷಿನಲ್ಲಿ ತಿಳಿಸಿದರು.

“ಎಳೆದದ್ದು ನೋಡಿದೆ, ಕುದಿಯುವ ನೀರಿನಲ್ಲಿ ಕರಗದಿದ್ದರೆ ಮಾತಾಡುವಾ ಅಂತ ಹೇಳ್ತಿದ್ದಾರೆ,” ಎಂದಳು ಸೊಸೆ.

ಅರ್ಧ ಭಾಗವನ್ನು ಒಣಗಲು ಬಿಟ್ಟು, ಉಳಿದದ್ದನ್ನು ಗೇಣುದ್ದಕ್ಕೆ ಕತ್ತರಿಸಿ, ಮೇಜಿನ ಮೇಲೆಯೇ ಒಲೆ ಹೊತ್ತಿಸಿ ಪಾತ್ರೆಗೆ ಹಾಕಿದರು. ಅಲ್ಲಿ ತಿನ್ನುವ ಕ್ರಮವೇ ಹಾಗೆ. ಕುದಿಯುವ ಪಾತ್ರೆಯಿಂದ ನೇರವಾಗಿ ಎತ್ತಿ, ಒಣ ಹಾರುಮೀನಿನ ಸಾರಿಗೆ ಅದ್ದಿ ತಿನ್ನುವುದು. ಸಾರಿಗೆ ಮೀನು, ಉಪ್ಪು ಬಿಟ್ಟು ಬೇರೇನೂ ಹಾಕಿಲ್ಲವೆಂದು ನಿಮ್ಮ ಉಮ್ಮ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಅವರ ಹಾಗೆ ತಿನ್ನುವ ಕಡ್ಡಿ ಹಿಡಿಯಲು ನನಗೆ ಬಾರದು. ಬಿಸ್ಮಿ ಹೇಳಿ ಫೋರ್ಕಿನಿಂದಲೇ ಎತ್ತಿದೆ. ಒಂದೆಳೆಯೂ ತುಂಡಾಗಲಿಲ್ಲ. ಬಾಯಲ್ಲಿ ನುಣ್ಣಗೆ ಜಾರಿತು, ಹಲ್ಲಿಗೆ ಮಾತ್ರ ಗಟ್ಟಿ. ನಾನು ಇನ್ನೊಮ್ಮೆ ಎತ್ತಿ, ಮುದುಕಿಗೆ ಕಾಣುವ ಹಾಗೆ ಫೋನಿನ ಎದುರು ಹಿಡಿದು ತೋರಿಸಿ ತಿಂದೆ. ನಾಚಿಕೆ ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಮುದುಕಿ ಫೋನಿನ ಹತ್ತಿರ ಬಂದು ನಿಧಾನಕ್ಕೆ ಮಾತಾಡಿದರು. ಇವರು ಕೇಳುತ್ತ ಕೇಳುತ್ತ ಕುರ್ಚಿಯಿಂದ ಎದ್ದು ನಿಂತರು. ಆಮೇಲೆ ಸೊಸೆಗೆ ಹೇಳಿದರು, ಸೊಸೆ ನನಗೆ ಹೇಳಿದಳು.

“ನಾಳೆ ಬರುವವನಿಗೆ ಚಹಾ ಕುಡಿಸಿ ಬರಿಗೈಯಲ್ಲಿ ಕಳಿಸ್ತಾರಂತೆ. ಇವರು ಬರುವಾಗ ಉಗುರು ಕತ್ತರಿಸಿಕೊಂಡು ಬರ್ಬೇಕಂತೆ. ಆ ಎರಡು ಎಳೆ ಹೋದದ್ದು ಉಗುರು ತಾಗಿಯಂತೆ.”

ಅವರು ತಮ್ಮ ಬಣ್ಣ ಹಚ್ಚಿದ ಉಗುರುಗಳನ್ನು ನೋಡಿಕೊಂಡರು. ಬೆವರೋ ಕಣ್ಣೀರೋ, ಮುಖವೆಲ್ಲ ಒದ್ದೆಯಾಗಿತ್ತು. ಒಳಗೆ ಹೋಗಿ ಉಗುರು ಕತ್ತರಿ ತಂದು, ಅಮ್ಮನಿಗೆ ಕಾಣುವ ಹಾಗೆ ಫೋನಿನ ಮುಂದೆಯೇ ಕೂತು, ಹೆಬ್ಬೆರಳಿನಿಂದ ಶುರುಮಾಡಿದರು.