ಎಲಿಯಾಸಣ್ಣ ಓಡಿದ ಎರಡು ರನ್

ಶಿರ್ವದ ಎಲಿಯಾಸಣ್ಣ ೧೯೮೨ರಲ್ಲಿ ಒಮಾನಿಗೆ ಬಂದವರು. ನಮ್ಮ ಕಂಪೆನಿಯ ಸ್ಟೋರಿನಲ್ಲಿ ಕೆಲಸ. ವಾರದ ರಜೆಯಾದ ಶುಕ್ರವಾರ ಚರ್ಚಿನ ಪೂಜೆಯ ಹೊತ್ತೊಂದನ್ನು ಬಿಟ್ಟರೆ ಉಳಿದ ದಿನವೆಲ್ಲ ಕಂಪೆನಿಯ ಕ್ರಿಕೆಟ್ ತಂಡಕ್ಕೆ. ಆದರೂ ಹತ್ತು ವರ್ಷಗಳಲ್ಲಿ ಅವರು ಒಂದು ಪಂದ್ಯವನ್ನೂ ಆಡಿರಲಿಲ್ಲ. ಅವರು ಮ್ಯಾಟ್ ಹಾಸುವವರು. ಅಲ್ ಅಮೇರಾತ್‌ನ ಮೈದಾನದಲ್ಲಿ ಹುಲ್ಲಿಲ್ಲ, ಬರೀ ಜಲ್ಲಿ. ಪಿಚ್ಚಿನ ಮೇಲೆ ನಾರಿನ ಉದ್ದ ಮ್ಯಾಟ್ ಬಿಡಿಸಿ, ಎಳೆದು, ಸುತ್ತ ಮೊಳೆ ಹೊಡೆಯಬೇಕು. ಆಡುತ್ತ ಆಡುತ್ತ ಮೊಳೆ ಸಡಿಲವಾಗುತ್ತದೆ. ಅದಕ್ಕೇ ಒಂದು ತಂಡದ ಬ್ಯಾಟಿಂಗ್ ಮುಗಿದ ಕೂಡಲೇ ಅವರು ಸುತ್ತಿಗೆ ಹಿಡಿದು ಇನ್ನೊಮ್ಮೆ ಬಿಗಿ ಮಾಡುತ್ತಿದ್ದರು.

ಊರಿಗೆ ಬರೆಯುವ ಕಾಗದಗಳಲ್ಲಿ ಮಾತ್ರ ಅವರು ಆಟಗಾರ. ಹೆಂಡತಿ ಹಿಲ್ಡಾ ಅದನ್ನು ನಂಬಿದ್ದರು. ೧೯೯೨ರಲ್ಲಿ ಹಿಲ್ಡಾ ವಿಸಿಟ್ ವೀಸಾದಲ್ಲಿ ಬಂದಿಳಿದ ವಾರವೇ ಲೀಗಿನ ಫೈನಲ್. "ಈ ಸಲ ನಿಮ್ಮ ಆಟ ನೋಡಿಯೇ ನೋಡುತ್ತೇನೆ" ಎಂದರು. ಎಲಿಯಾಸಣ್ಣನಿಗೆ ನಾಲ್ಕು ದಿನ ಊಟ ರುಚಿಸಲಿಲ್ಲ.

ಶುಕ್ರವಾರ ಬೆಳಕು ಹರಿಯುವಾಗಲೇ ಮ್ಯಾಟ್ ಹಾಸಿ, ಪೂಜೆ ಮುಗಿಸಿ, ಹಿಲ್ಡಾರನ್ನು ಕರೆದುಕೊಂಡು ಮೈದಾನಕ್ಕೆ ಬಂದರೆ, ನಮ್ಮ ಕ್ಯಾಪ್ಟನ್ ಆಲ್ಫ್ರೆಡ್ ಓಡಿ ಬಂದ. "ಎಲಿಯಾಸಣ್ಣ, ಬಾಸಿಲನ ಗಾಡಿ ಬರುವ ದಾರಿಯಲ್ಲಿ ಸಹಮ್‌ನಲ್ಲಿ ಕೆಟ್ಟು ನಿಂತಿದೆ. ಹನ್ನೊಂದನೆಯವರು ನೀವೇ. ಯಲ್ಲಾ, ಬೇಗ ಬಟ್ಟೆ ಬದಲಾಯಿಸಿ!"

ಎದುರಾಳಿ ಇಬ್ರಿಯ ತಂಡ ಮೊದಲು ಆಡಿ ನೂರ ನಲವತ್ತೆರಡು ರನ್ ಹೊಡೆಯಿತು. ವಿರಾಮದಲ್ಲಿ ಎಲಿಯಾಸಣ್ಣ ಸುತ್ತಿಗೆಯನ್ನು ಚೀಲದೊಳಗೆ ತಳ್ಳಿ ಹಿಲ್ಡಾರ ಪಕ್ಕ ಕುಳಿತುಬಿಟ್ಟರು. ಬಿಳಿ ಬಟ್ಟೆ ತೊಟ್ಟ ಆಟಗಾರ ಹೆಂಡತಿಯ ಎದುರು ಮೊಳೆ ಹೊಡೆಯುವುದು ಹೇಗೆ? ಅವರು ಕೂತಲ್ಲಿಂದ ಏಳದಿದ್ದುದನ್ನು ನಾವ್ಯಾರೂ ಗಮನಿಸಲಿಲ್ಲ.

ನಮ್ಮ ಆಟದಲ್ಲಿ ಮ್ಯಾಟಿನ ಒಂದು ತುದಿ ಸಡಿಲಾಯಿತು. ಆ ತುದಿಯಲ್ಲಿ ಚೆಂಡು ಏಳಲೇ ಇಲ್ಲ. ಹಿಂದೆ ಸರಿದು ಆಡಹೋದ ನಾಲ್ವರ ವಿಕೆಟ್ ಹಾರಿತು. ಕಾರಣ ಗೊತ್ತಿದ್ದ ಒಬ್ಬರೇ ಒಬ್ಬರು ಪ್ಯಾಡ್ ಕಟ್ಟಿಕೊಂಡು ಬೆವರುತ್ತಿದ್ದರು.

ಕೊನೆಯ ಓವರಿನ ಐದನೆಯ ಎಸೆತಕ್ಕೆ ಒಂಬತ್ತನೆಯ ವಿಕೆಟ್ ರನೌಟ್ ಆಗಿ ಬಿತ್ತು. ಉಳಿದದ್ದು ಒಂದು ಎಸೆತ. ಗೆಲ್ಲಲು ಎರಡು ರನ್. ಚೆಂಡು ಎದುರಿಸಬೇಕಾದವನು ಉಳ್ಳಾಲದ ಬಾದುಶಾ, ಅದೂ ಸಡಿಲಾದ ತುದಿಯಲ್ಲೇ. ಎಲಿಯಾಸಣ್ಣ ನೇರ ಅವನ ಹತ್ತಿರ ಹೋದರು.

"ಬಾದುಶಾ, ತಪ್ಪು ನನ್ನದು. ವಿರಾಮದಲ್ಲಿ ಮೊಳೆ ಬಿಗಿ ಮಾಡಲಿಲ್ಲ. ಚೆಂಡು ಏಳುವುದಿಲ್ಲ. ಹಿಂದೆ ಹೋಗಬೇಡ, ಕಾಲು ಮುಂದಿಟ್ಟು ಆಡು."

"ಎಂಥದು ಮಾರಾಯ್ರೆ! ಇದನ್ನು ಈಗ ಹೇಳುವುದಾ?"

"ಹಿಲ್ಡಾ ನೋಡುತ್ತಿದ್ದಳು."

"ಖಲಾಸ್! ಸೋತರೆ ನಿಮ್ಮನ್ನೇ ಮ್ಯಾಟಿನಲ್ಲಿ ಸುತ್ತಿಡುತ್ತೇನೆ. ನಾನು ಕರೆದರೆ ಹಿಂದೆಮುಂದೆ ನೋಡದೆ ಓಡಿ."

ಚೆಂಡು ನೆಲಕ್ಕಂಟಿಕೊಂಡೇ ಬಂತು. ಬಾದುಶಾ ಕಾಲು ಮುಂದಿಟ್ಟು ಬ್ಯಾಟ್ ತಾಗಿಸಿದ. ಚೆಂಡು ಇಬ್ಬರು ಫೀಲ್ಡರುಗಳ ನಡುವೆ ನುಸುಳಿ ಜಲ್ಲಿಯ ಮೇಲೆ ಉರುಳಿತು. ಒಂದು ರನ್ ಆಯಿತು. "ಇನ್ನೊಂದು! ಯಲ್ಲಾ!" ಎಂದು ಬಾದುಶಾ ಕಿರುಚಿದ. ನಲವತ್ತನಾಲ್ಕರ ಎಲಿಯಾಸಣ್ಣ ಒಂದು ಕೈಯಲ್ಲಿ ಬ್ಯಾಟ್, ಇನ್ನೊಂದರಲ್ಲಿ ಜಾರುತ್ತಿದ್ದ ಪ್ಯಾಂಟು ಹಿಡಿದು ಓಡಿದರು. ಎಸೆದ ಚೆಂಡು ಸ್ಟಂಪಿಗೆ ಬಡಿಯುವಾಗ ಅವರು ಮ್ಯಾಟಿನ ಮೇಲೆ ಬೋರಲಾಗಿದ್ದರು. ಬ್ಯಾಟ್ ಗೆರೆ ದಾಟಿತ್ತು. ಅಂಪೈರ್ ತಲೆ ಅಡ್ಡಡ್ಡ ಆಡಿಸಿ ನಾಟೌಟ್ ಎಂದ.

ಹುಡುಗರು ಅವರನ್ನು ಹೊತ್ತು ಕುಣಿದು ಹಿಲ್ಡಾರ ಎದುರು ಇಳಿಸಿದರು.

"ಎಷ್ಟು ಹೊಡೆದಿರಿ?" ಎಂದು ಹಿಲ್ಡಾ ಕೇಳಿದರು.

"ಸೊನ್ನೆ. ನನ್ನ ಬ್ಯಾಟಿಗೆ ಚೆಂಡೇ ತಾಗಿಲ್ಲ." ಎಲಿಯಾಸಣ್ಣ ಮೊಣಕೈಯ ರಕ್ತ ಒರೆಸಿಕೊಂಡರು. "ಹಿಲ್ಡಾ, ಕಾಗದದಲ್ಲಿ ಬರೆದದ್ದೆಲ್ಲ ಸುಳ್ಳು. ನಾನು ಇಲ್ಲಿ ಮ್ಯಾಟ್ ಹಾಸುವವನು. ಆಡಿದ್ದು ಇವತ್ತೇ ಮೊದಲು."

"ನೀವು ಓಡುವಾಗಲೇ ಗೊತ್ತಾಯಿತು" ಎಂದರು ಹಿಲ್ಡಾ. "ಹತ್ತು ವರ್ಷ ಆಡಿದವರು ಹಾಗೆ ಓಡುತ್ತಾರಾ? ನಾಯಿ ಅಟ್ಟಿಸಿಕೊಂಡು ಬಂದ ಹಾಗಿತ್ತು!"

ಬಾದುಶಾ ಹೊಟ್ಟೆ ಹಿಡಿದುಕೊಂಡು ನಕ್ಕ. ಎಲಿಯಾಸಣ್ಣ ಅವನಿಗಿಂತ ಜೋರಾಗಿ ನಕ್ಕು, ಸುತ್ತಿಗೆ ಎತ್ತಿಕೊಂಡು, ಹೆಂಡತಿಯ ಕಣ್ಣೆದುರಿಗೇ ಮೊಳೆ ಕೀಳಲು ಕುಳಿತರು.