ನಂಜಿ ಮಾಮಿಯ ಮೂರು ಗುಳಿಗಳು

ಒಂದು ಕಿಲೋ ನೂರ ಎಂಬತ್ತು ಗ್ರಾಂ ತೂಗುವ ವಸ್ತುವೊಂದು ಒಂದು ಸಂಸಾರವನ್ನೇ ಮನೆ ಬಿಡಿಸಬಲ್ಲದೇ?

ಬಿಡಿಸಿತು. ಆ ವಸ್ತು ನನ್ನ ಹೊಸ ಟ್ರೈಪಾಡ್. ಮನೆ ಬಿಟ್ಟವರು ನಮ್ಮ ಹಟ್ಟಿಯ ಸೆಲ್ವಿ ಅಕ್ಕ, ಅವಳ ಗಂಡ, ಇಬ್ಬರು ಮಕ್ಕಳು. ಬಿಡಿ ಎಂದವಳು ನಾನು.

ಮೊದಲಿನಿಂದ ಹೇಳುತ್ತೇನೆ. ನಮ್ಮ ಹಟ್ಟಿ ಇರುವುದು ಕೀಳ್ ಕೋತಗಿರಿಯ ಇಳಿಜಾರಿನಲ್ಲಿ. ವಾರವಿಡೀ ನಾನು ಊಟಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಶನಿವಾರ ಸಂಜೆ ಬಸ್ಸು ಹತ್ತಿ ಮನೆಗೆ ಬರುತ್ತೇನೆ. ಸೆಲ್ವಿ ಅಕ್ಕನ ಮನೆ ಹಟ್ಟಿಯ ಕೊನೆಯದು. ಮನೆಯ ಹಿಂದೆ ಆಳೆತ್ತರದ ಕಲ್ಲಿನ ತಡೆಗೋಡೆ. ಗೋಡೆಯ ಮೇಲೆ ಚಹಾ ತೋಟ. ತೋಟದ ನಡುವೆ, ಗೋಡೆಯಿಂದ ಸಾಕಷ್ಟು ಹಿಂದೆ, ಒಂದು ಸಿಲ್ವರ್ ಓಕ್ ಮರ. ಸೆಪ್ಟೆಂಬರ್ ಕೊನೆಯಲ್ಲಿ ಗೋಡೆಯ ಮೇಲಿನ ಮಣ್ಣಿನಲ್ಲಿ ಉದ್ದಕ್ಕೆ ಒಂದು ಬಿರುಕು ಕಂಡಿತು.

ಬೆಟ್ಟದಲ್ಲಿ ಹುಟ್ಟಿದವರಿಗೆ ಮಣ್ಣಿನ ಬಿರುಕು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹಿಂಗಾರು ಮಳೆ ಬಾಗಿಲಲ್ಲಿತ್ತು. ಗೋಡೆ ಸರಿಯುತ್ತಿದೆಯೋ, ಇಲ್ಲವೋ? ಪಂಚಾಯಿತಿಯ ಇಂಜಿನಿಯರ್ ಬಂದು, ಸುತ್ತಾಡಿ ನೋಡಿ, ಒಂದೇ ಸಲ ನೋಡಿ ಹೇಳುವುದು ಸಾಧ್ಯವಿಲ್ಲ, ವಾರ ವಾರ ಒಂದೇ ಜಾಗದಿಂದ ಫೋಟೋ ತೆಗೆದಿಡಿ ಎಂದು ಹೇಳಿ ಹೋದರು.

ವಾರ ವಾರ ತಪ್ಪದೆ ಮಾಡುವ ಕೆಲಸ ಎಂದರೆ ಹಟ್ಟಿಯವರೆಲ್ಲ ಯಾರ ಕಡೆ ತಿರುಗುತ್ತಾರೆ? ಈ ಅಂಕಣ ಓದುವವರಿಗೆ ಗೊತ್ತು. (ಎಂಟನೇ ತರಗತಿಯಿಂದ ಡೈರಿ ಬರೆಯುವವಳು, ಕೋತಗಿರಿ ಬಸ್ಸು ಎಷ್ಟು ನಿಮಿಷ ತಡವಾಯಿತು ಎಂಬುದಕ್ಕೂ ಒಂದು ಪುಟ ಇಟ್ಟವಳು ಇನ್ನೊಬ್ಬಳಿಲ್ಲ.)

ಆ ಮನೆಯ ಪಕ್ಕಕ್ಕೆ ಒಂದು ಹಳ್ಳ, ಅದರ ಈಚೆ ದಡದಲ್ಲಿ ಒಂದು ಕಾಲುದಾರಿಯಿದೆ. ಅಲ್ಲಿಂದ ಗೋಡೆ, ಅದರ ಹಿಂದಿನ ಮರ, ಎರಡೂ ಒಂದೇ ಚೌಕಟ್ಟಿಗೆ ಬರುತ್ತವೆ. ಬೆಳಿಗ್ಗೆ ಏಳಕ್ಕೆ ಮುಂಚೆ ತೆಗೆಯಬೇಕು. ಆಮೇಲೆ ಮೇಟ್ಟುಪಾಳ್ಯದ ಕಡೆಯಿಂದ ಮಂಜು ಏರಿ ಬಂದು ಎಲ್ಲವನ್ನೂ ಮುಚ್ಚುತ್ತದೆ. ಅಷ್ಟು ಬೆಳಿಗ್ಗೆ ಬೆಳಕು ಕಮ್ಮಿ, ಚಳಿಗೆ ಕೈ ನಡುಗುತ್ತದೆ. ಮೂರು ಭಾನುವಾರ ಕೈಯಲ್ಲೇ ಹಿಡಿದು ತೆಗೆದೆ. ತೆಗೆದ ಚಿತ್ರ ಮೂವತ್ತೊಂದು. ಉಪಯೋಗಕ್ಕೆ ಬಂದದ್ದು ಸೊನ್ನೆ.

ಹಾಗಾಗಿ ಟ್ರೈಪಾಡ್.

ಟ್ರೈಪಾಡ್ ಕೊಳ್ಳಲು ಹೋದವರಿಗೆ ಒಂದು ವಿಷಯ ಬೇಗ ತಿಳಿಯುತ್ತದೆ. ಹಗುರವಾಗಿರುವುದು ಅಲ್ಲಾಡುತ್ತದೆ, ಅಲ್ಲಾಡದ್ದನ್ನು ಹೊರಲಾಗದು. ನನಗೋ ಎರಡೂ ಬೇಕು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಳ್ಳುವಷ್ಟು ಚಿಕ್ಕದಾಗಿ ಮಡಚಿಕೊಳ್ಳಬೇಕು, ಹಳ್ಳದ ಗಾಳಿಗೆ ಕದಲದೆ ನಿಲ್ಲಬೇಕು. ಊಟಿಯ ಚೇರಿಂಗ್ ಕ್ರಾಸ್ ಹತ್ತಿರದ ಒಂದು ಹಳೆಯ ಸ್ಟುಡಿಯೋದವರು ಇಂಥ ಸಾಮಾನು ಮಾರುತ್ತಾರೆ. ಮೂರು ಸಂಜೆ ಅಲ್ಲಿಗೆ ಹೋದೆ. ಏಳು ಟ್ರೈಪಾಡ್ ಬಿಚ್ಚಿಸಿದೆ. ಪ್ರತಿಯೊಂದರ ಕಾಲುಗಳನ್ನು ಪೂರ್ತಿ ಎಳೆದು, ಕ್ಯಾಮೆರಾ ಕೂರಿಸಿ, ತಲೆಯ ಮೇಲೆ ಬೆರಳಿಂದ ಒಂದು ಏಟು ಕೊಟ್ಟು, ನಡುಕ ನಿಲ್ಲಲು ಎಷ್ಟು ಸೆಕೆಂಡು ಬೇಕು ಎಂದು ಎಣಿಸಿ ಬರೆದುಕೊಂಡೆ.

"ತೂಕ ಕಮ್ಮಿ ಬೇಕು, ಗಟ್ಟಿ ಬೇಕು, ಮಡಚಿದ್ರೆ ಮೊಳದುದ್ದ ಇರಬೇಕು," ಎಂದು ಅಂಗಡಿಯ ಯಜಮಾನರು ನನ್ನ ಪಟ್ಟಿಯನ್ನು ನನಗೇ ಓದಿ ಹೇಳಿದರು. "ಏನಮ್ಮಾ ಇದು, ಮನೆಗೆ ಅಳಿಯನ್ನ ಹುಡುಕೋರೂ ಇಷ್ಟು ಕೇಳಲ್ಲ."

ಅತಿ ಹಗುರದ್ದು ಆರು ಸೆಕೆಂಡು ನಡುಗಿತು. ಅದರ ಕೊನೆಯ ಕೊಳವೆ ನನ್ನ ಕಿರುಬೆರಳಿಗಿಂತ ತೆಳ್ಳಗಿತ್ತು. (ಕೊಳ್ಳುವವರು ಮೇಲಿನ ಕೊಳವೆ ನೋಡಿ ಮರುಳಾಗುತ್ತಾರೆ. ಎಲ್ಲಕ್ಕಿಂತ ಕೆಳಗಿನದನ್ನು ಎಳೆದು ನೋಡಿ. ಟ್ರೈಪಾಡಿನ ಯೋಗ್ಯತೆ ಇರುವುದು ಅಲ್ಲಿ.) ನಾನು ಆರಿಸಿದ್ದು ಎರಡು ಸೆಕೆಂಡಿಗೆ ಸುಮ್ಮನಾಗುವಂಥದ್ದು. ಕಾರ್ಬನ್ ಕಾಲುಗಳು, ತಿರುಗಿಸಿ ಬಿಗಿಮಾಡುವ ಲಾಕ್, ನಡುಗಂಬದ ಕೆಳಗೆ ಚೀಲ ತೂಗುಹಾಕಲು ಒಂದು ಕೊಕ್ಕೆ. ಅಪ್ಪಟ ಚಂದದ ವಸ್ತು. ಆ ರಾತ್ರಿ ಡೈರಿಯಲ್ಲಿ ಅದಕ್ಕೇ ಎರಡು ಪುಟ ಹೋಯಿತು.

ಮೊದಲ ಭಾನುವಾರದ ಚಿತ್ರ ಕಣ್ಣಿಗೆ ಹಬ್ಬದಂತಿತ್ತು. ಗೋಡೆಯ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಎರಡನೇ ಭಾನುವಾರವೂ ಹಾಗೆಯೇ. ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಅಕ್ಕಪಕ್ಕ ಇಟ್ಟೆ. ಮೊದಲ ಚಿತ್ರದಲ್ಲಿ ಗೋಡೆಯ ಮೂಲೆಗಲ್ಲು ಹಿಂದಿನ ಮರದ ಕಾಂಡಕ್ಕೆ ಸರಿಯಾಗಿ ತಾಗಿದಂತೆ ಕಾಣುತ್ತಿತ್ತು. ಎರಡನೆಯದರಲ್ಲಿ ಎರಡರ ನಡುವೆ ಸಂದು. ಮೂಲೆಗಲ್ಲಿನ ಉದ್ದ ನನಗೆ ಗೊತ್ತಿತ್ತು, ಆ ಲೆಕ್ಕದಲ್ಲಿ ಸಂದು ನಾಲ್ಕು ಬೆರಳಷ್ಟು.

ಒಂದೇ ವಾರದಲ್ಲಿ ಗೋಡೆ ನಾಲ್ಕು ಬೆರಳು ಸರಿದಿದೆ.

ಓಡಿಹೋಗಿ ಸೆಲ್ವಿ ಅಕ್ಕನಿಗೆ ತೋರಿಸಿ, ಮನೆ ಬಿಡಿ ಎಂದೆ. ಅವಳು ಚಿತ್ರವನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. "ನೀ ಬರೆದಿಟ್ರೆ ತಪ್ಪಿರಲ್ಲ," ಎಂದಳು. ಅಂದು ಸಂಜೆಯೊಳಗೆ ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲವೂ ಗಂಡನ ಪಿಕಪ್ ಗಾಡಿ ಏರಿದವು. ಅವಳ ತಮ್ಮನಿಗೆ ಕುಂದಾದ ಪವರ್‌ಹೌಸಿನಲ್ಲಿ ಕೆಲಸ. ಅಲ್ಲಿಯ ಕಾಲೊನಿಯ ಎರಡು ಕೋಣೆಯ ಮನೆಗೆ ನಾಲ್ಕು ಜನ ಹೋದರು. ದೊಡ್ಡ ಮಗನಿಗೆ ಮರುದಿನದಿಂದ ಪರೀಕ್ಷೆ. ಕುಂದಾದಿಂದ ಇಲ್ಲಿಯ ಶಾಲೆಗೆ ಬರುವುದು ಆಗುವ ಮಾತೇ?

ನನಗೆ ಬೇಸರವಾಯಿತು. ಆದರೆ ಸುಳ್ಳೇಕೆ, ಒಳಗೊಳಗೆ ಹೆಮ್ಮೆಯೂ ಆಯಿತು. ಒಂದು ಟ್ರೈಪಾಡ್ ನಾಲ್ಕು ಜೀವ ಉಳಿಸಿತಲ್ಲ?

ಮೂರನೇ ಭಾನುವಾರ ನನ್ನ ಜೊತೆ ನಂಜಿ ಮಾಮಿ ಬಂದಳು.

ನಂಜಿ ಮಾಮಿ ನನ್ನ ಅಪ್ಪನ ತಂಗಿ. ಹಟ್ಟಿಯ ಸಣ್ಣ ಬೆಳೆಗಾರರ ಚಹಾ ಎಲೆಯನ್ನು ಫ್ಯಾಕ್ಟರಿ ಲಾರಿಗೆ ಹಾಕುವ ಮುನ್ನ ತೂಗುವವಳು ಅವಳೇ. ಮಂಗಳವಾರ, ಶುಕ್ರವಾರ, ಹತ್ತೊಂಬತ್ತು ವರ್ಷದಿಂದ. ನಮ್ಮಲ್ಲಿ ತೂಕಕ್ಕೆ ಕಟ್ಟಡವಿಲ್ಲ, ಸಮತಟ್ಟಾದ ನೆಲವೂ ಇಲ್ಲ. ಲಾರಿ ರಸ್ತೆಯ ಮೂರು ತಿರುವಿನಲ್ಲಿ ನಿಲ್ಲುತ್ತದೆ. ಮಾಮಿ ಮೂರು ಉದ್ದನೆಯ ಕೋಲುಗಳನ್ನು ಹೆಗಲ ಮೇಲೆ ಹೊತ್ತು ತಿರುವಿನಿಂದ ತಿರುವಿಗೆ ನಡೆಯುತ್ತಾಳೆ. ತುದಿಯನ್ನು ಹಗ್ಗದಲ್ಲಿ ಬಿಗಿದು, ಕಾಲು ಅಗಲಿಸಿ ನಿಲ್ಲಿಸಿ, ನಡುವೆ ತಕ್ಕಡಿಯ ಕೊಕ್ಕೆ ಇಳಿಬಿಡುತ್ತಾಳೆ. ಎಲೆಯ ಚೀಲ ಅದಕ್ಕೆ ತೂಗುತ್ತದೆ.

ಅಂದರೆ ಏನು? ನಾನು ಮೂರು ಸಂಜೆ ಹುಡುಕಿದ ವಸ್ತುವನ್ನು ನನ್ನ ಸೋದರತ್ತೆ ಹತ್ತೊಂಬತ್ತು ವರ್ಷದಿಂದ ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದಾಳೆ. ನನಗೆ ಹೊಳೆದಿರಲಿಲ್ಲ.

ಅವಳಿಗೆ ನೋಡಿದ ಕೂಡಲೇ ಹೊಳೆಯಿತು. "ಏನ ಕೂಸು ಇದು, ಎನ್ನ ಕೋಲು ಮರಿ ಹಾಕಿದ ಹಾಗಿದೆ," ಎಂದಳು. (ಮನೆಯಲ್ಲಿ ನಾವು ಆಡುವುದು ಬಡಗು ಭಾಷೆ. ಇಲ್ಲಿ ಅರ್ಧ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಮಾಮಿಗೆ ಓದಿ ಹೇಳಿದರೆ ನಗುತ್ತಾಳೆ.)

ನಾನು ಡೈರಿ ತೆರೆದು, ಎಂದಿನ ಚಹಾ ಗಿಡದ ಪಕ್ಕ ಟ್ರೈಪಾಡ್ ಇಟ್ಟು, ಕಾಲಿನ ಎತ್ತರ ಅಳೆದು, ಗಂಟೆ ನೋಡಿ, ಎಲ್ಲ ಬರೆದುಕೊಂಡೆ. ಮಾಮಿ ನನ್ನ ಪುಸ್ತಕ ನೋಡಲಿಲ್ಲ. ನೆಲ ನೋಡುತ್ತಿದ್ದಳು.

"ಹೋದ ವಾರ ಕಾಲು ಎಲ್ಲಿ ಇಟ್ಟೆ?"

"ಇಲ್ಲೇ ಮಾಮಿ."

"ಇಲ್ಲೇ ಅಂದ್ರೆ?"

"ಈ ಗಿಡದ ಪಕ್ಕ."

"ಗಿಡದ ಪಕ್ಕ ಎಮ್ಮೆಯೂ ನಿಲ್ಲುತ್ತೆ."

ಅವಳು ಕುಕ್ಕರಗಾಲಲ್ಲಿ ಕೂತು ಹುಲ್ಲು ಸರಿಸಿದಳು. ಒದ್ದೆ ಮಣ್ಣಿನಲ್ಲಿ ಬೆರಳು ಹೋಗುವಷ್ಟು ಸಣ್ಣ ಗುಳಿಗಳು. ಮೂರಲ್ಲ, ಆರು. "ಇದರ ಅಂಚು ಕರಗಿದೆ, ಇದು ಹಳೇದು. ಇದರ ಅಂಚು ಇನ್ನೂ ನಿಂತಿದೆ, ಇದು ಹೋದ ವಾರದ್ದು." ಎರಡರ ನಡುವೆ ಕೈ ಬಿಡಿಸಿ ಅಳೆದಳು. ಸರಿಯಾಗಿ ಒಂದು ಗೇಣು.

ಬಸ್ಸಿನ ಕಿಟಕಿಯಲ್ಲಿ ಕೂತವರೆಲ್ಲ ನೋಡಿದ್ದೇ ತಾನೇ? ನಾವು ಚಲಿಸಿದರೆ ಹತ್ತಿರದ ಕಂಬ ದೂರದ ಗುಡ್ಡವನ್ನು ಬಿಟ್ಟು ಸರಿದ ಹಾಗೆ ಕಾಣುತ್ತದೆ. ಗೋಡೆ ಹತ್ತಿರ, ಮರ ದೂರ. ಕ್ಯಾಮೆರಾ ಒಂದು ಗೇಣು ಪಕ್ಕಕ್ಕೆ ಹೋದರೆ ಗೋಡೆ ಮರದಿಂದ ನಾಲ್ಕು ಬೆರಳು ಸರಿದಂತೆ ಕಾಣಲು ಬೇರೆ ಕಾರಣ ಬೇಕೇ? ನಾನು ಬೆಳಕು ಬರೆದೆ, ಎತ್ತರ ಬರೆದೆ, ನಿಮಿಷ ಬರೆದೆ. ಕಾಲು ಎಲ್ಲಿತ್ತು ಎಂದು ಮಾತ್ರ ಬರೆಯಲಿಲ್ಲ.

"ಹಳೇ ಗುಳಿಯಲ್ಲೇ ಇಡು," ಎಂದಳು ಮಾಮಿ.

ಮೂರು ಕಾಲುಗಳನ್ನೂ ಕರಗಿದ ಗುಳಿಗಳಲ್ಲಿ ಇಳಿಸಿದೆವು. ಎತ್ತರ ಡೈರಿಯಲ್ಲಿತ್ತು, ಅಷ್ಟಕ್ಕೇ ಬಿಗಿಮಾಡಿದೆ. ತೆಗೆದೆ. ಕ್ಯಾಮೆರಾದ ಪರದೆಯಲ್ಲೇ ದೊಡ್ಡದು ಮಾಡಿ, ಮೊಬೈಲಿನಲ್ಲಿದ್ದ ಮೊದಲ ವಾರದ ಚಿತ್ರದ ಪಕ್ಕ ಹಿಡಿದೆ. ಮೂಲೆಗಲ್ಲು ಮರದ ಕಾಂಡಕ್ಕೆ ತಾಗಿಕೊಂಡೇ ಇತ್ತು. ಎರಡು ವಾರದ ಮಳೆಯಲ್ಲಿ ಗೋಡೆ ಕೂದಲೆಳೆಯಷ್ಟೂ ಕದಲಿದಂತೆ ಕಾಣಲಿಲ್ಲ.

ಮಾಮಿ ಬೈಯಲಿಲ್ಲ. ಕೆಲಸ ಕಲಿಸಲು ನಿಂತಳು. ನಾನು ಪುಸ್ತಕದಲ್ಲಿ ಓದಿ, ಒಂದು ಕಾಲನ್ನು ಚಿತ್ರದ ಕಡೆಗೆ, ಎಂದರೆ ಇಳಿಜಾರಿನ ಕೆಳಗೆ ಇಡುತ್ತಿದ್ದೆ. ಅವಳು ಟ್ರೈಪಾಡನ್ನು ಎತ್ತಿ ತಿರುಗಿಸಿದಳು. "ಮೇಲೆ ಒಂದು, ಕೆಳಗೆ ಎರಡು. ಭಾರ ಯಾವಾಗಲೂ ಕೆಳಗೇ ಎಳೆಯೋದು. ಒಂದೇ ಕಾಲು ಎಷ್ಟು ತಡೆದೀತು?" ತೆಳ್ಳಗಿನ ಕೊನೆಯ ಕೊಳವೆಗಳನ್ನು ಒಳಗೆ ತಳ್ಳಿಸಿದಳು. "ನಿನಗೆ ಬಗ್ಗೋಕೆ ಬರುತ್ತೆ ತಾನೇ? ಅದನ್ಯಾಕೆ ಅಷ್ಟು ಎತ್ತರಕ್ಕೆ ಎಳೀತೀ?" ಗಾಳಿ ತಡೆಯಲೆಂದು ನಾನು ಕೊಕ್ಕೆಗೆ ತೂಗುಹಾಕಿದ ಚೀಲ ಗಂಟೆಯ ನಾಲಗೆಯಂತೆ ಓಲಾಡಿ, ಇಡೀ ಟ್ರೈಪಾಡನ್ನೇ ನಡುಗಿಸುತ್ತಿತ್ತು. ಮಾಮಿ ಸ್ವಲ್ಪ ಹೊತ್ತು ನೋಡಿ, ಚೀಲದ ಪಟ್ಟಿ ಸಡಿಲಿಸಿ ಅದರ ತಳ ನೆಲಕ್ಕೆ ತಾಗುವಂತೆ ಇಳಿಸಿದಳು.

"ಎನ್ನ ಚೀಲ ನೆಲ ಮುಟ್ಟಿದ್ರೆ ತೂಕ ಸುಳ್ಳು. ನಿನ್ನದು ಮುಟ್ಟದಿದ್ರೆ ಫೋಟೋ ಸುಳ್ಳು." ತನ್ನ ಮಾತಿಗೆ ತಾನೇ ಒಂದು ಕ್ಷಣ ಬೆರಗಾದಳು.

ಹಾಗೆ ಹೊಸ ಗುಳಿಗಳಲ್ಲಿ ನಿಂತ ಟ್ರೈಪಾಡಿನಿಂದ, ಮುಂದಿನ ವಾರ ಹೋಲಿಸಲೆಂದು, ಇನ್ನೊಂದು ಚಿತ್ರ ತೆಗೆದೆ. ಕೊನೆಗೆ ಮಾಮಿ ಮೂರು ಚಪ್ಪಟೆ ಕಲ್ಲು ಹುಡುಕಿ ತಂದಳು. ಟ್ರೈಪಾಡ್ ಎತ್ತಿದ ಮೇಲೆ ಒಂದೊಂದು ಗುಳಿಯ ಬಾಯಿಗೂ ಒಂದೊಂದು ಕಲ್ಲು ಮುಚ್ಚಿದಳು. ಮಳೆಗೆ ಗುಳಿ ತುಂಬಬಾರದು, ದನ ತುಳಿಯಬಾರದು. ಮುಂದಿನ ವಾರ ಕಲ್ಲು ಎತ್ತು, ಕಾಲು ಇಳಿಸು, ಅಷ್ಟೇ.

ಆ ಮಂಗಳವಾರ ರಜೆ ಹಾಕಿ ಅವಳ ಹಿಂದೆ ಮೂರು ತಿರುವೂ ನಡೆದೆ. ಪ್ರತಿ ತಿರುವಿನಲ್ಲೂ ರಸ್ತೆಯಂಚಿನಲ್ಲಿ ಮೂರು ಕಲ್ಲು. ಇಷ್ಟು ವರ್ಷ ನಾನು ಎಡವಿ ಬೈದುಕೊಂಡ ಕಲ್ಲುಗಳು ಅವು. ಎತ್ತಿದರೆ ಕೆಳಗೆ ಗುಳಿ. ಕೋಲು ಹೆಗಲಿಂದ ಇಳಿದು ತಕ್ಕಡಿ ತೂಗುವವರೆಗೆ ನಲವತ್ತೆಂಟು ಸೆಕೆಂಡು. ಮೂರು ತಿರುವು ಸೇರಿ ನಲವತ್ತೊಂದು ಚೀಲ. ತೂಕದ ಬಗ್ಗೆ ಜಗಳ ಸೊನ್ನೆ. (ಒಂದು ಜಗಳ ಆಯಿತು. ಅದು ಯಾರದೋ ಕೋಳಿ ಯಾರದೋ ಸೊಪ್ಪಿನ ಮಡಿಗೆ ನುಗ್ಗಿದ್ದಕ್ಕೆ.)

"ನೋಡಿ ನೋಡಿ ಇಡಬಹುದಲ್ಲ ಮಾಮಿ, ಗುಳಿ ಯಾಕೆ?" ಎಂದು ಕೇಳಿದೆ.

"ಕಣ್ಣಿಗೆ ಆಯಾಸ ಆಗುತ್ತೆ ಕೂಸು. ಗುಳಿಗೆ ಆಗಲ್ಲ."

ಇದನ್ನು ಯಾವ ಟ್ರೈಪಾಡಿನ ಡಬ್ಬಿಯ ಮೇಲೂ ಬರೆದಿಲ್ಲ. ಹಗುರವಾದದ್ದು ಬೇಕೇ, ಗಟ್ಟಿಯಾದದ್ದು ಬೇಕೇ ಎಂದು ನನ್ನನ್ನು ಕೇಳುವ ಓದುಗರಿಗೆ ಈಗ ನನ್ನ ಉತ್ತರ ಸರಳ. ಹಗುರವಾದದ್ದನ್ನೇ ಕೊಳ್ಳಿ. ಗಟ್ಟಿತನ ಅಂಗಡಿಯಲ್ಲಿ ಸಿಗುವುದು ಅರ್ಧ ಮಾತ್ರ, ಉಳಿದರ್ಧ ನೆಲದಲ್ಲಿದೆ.

ಸೆಲ್ವಿ ಅಕ್ಕನಿಗೆ ಫೋನು ಮಾಡಿದ್ದು ಆ ಭಾನುವಾರ ಬೆಳಿಗ್ಗೆಯೇ, ಹಳ್ಳದ ದಡದಲ್ಲಿ ನಿಂತೇ. ಮಾಮಿ ಮಾಡಿಸಿದಳು ಎನ್ನುವುದು ಹೆಚ್ಚು ಸರಿ. ನಾನು ಮನೆಗೆ ಹೋಗಿ ಮಾಡುತ್ತೇನೆ ಎಂದಾಗ, "ತೂಕ ತಪ್ಪಿದ್ರೆ ಲಾರಿ ಹೊರಡೋ ಮೊದಲೇ ಹೇಳಬೇಕು," ಎಂದು ದಾರಿಗೆ ಅಡ್ಡ ನಿಂತಳು.

ಗೇಣು, ಗುಳಿ, ಬಸ್ಸಿನ ಕಿಟಕಿ ಎಲ್ಲವನ್ನೂ ಹೇಳಿದೆ.

"ಹಂಗಾದ್ರೆ ಗೋಡೆ ನಡೀಲಿಲ್ಲ. ನೀ ನಡೆದೆ," ಎಂದಳು ಸೆಲ್ವಿ ಅಕ್ಕ.

"ಹೂಂ ಅಕ್ಕ."

"ಮಗನಿಗೆ ಐದು ಪರೀಕ್ಷೆ ತಪ್ಪಿತು. ಅದನ್ನೂ ನಿನ್ನ ಪುಸ್ತಕದಲ್ಲಿ ಬರಿ."

ಬರೆದೆ. ಆ ಸೋಮವಾರವೇ ಶಾಲೆಗೆ ಫೋನು ಮಾಡಿ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಮುಖ್ಯೋಪಾಧ್ಯಾಯರು ಗದರಿದರು, ಆಮೇಲೆ ಐದನ್ನೂ ಬೇರೆ ದಿನ ಬರೆಸಲು ಒಪ್ಪಿದರು. ಸೆಲ್ವಿ ಅಕ್ಕ ಮಾತ್ರ ಕೂಡಲೇ ಹಿಂದಿರುಗಲಿಲ್ಲ. ಇನ್ನೊಂದು ವಾರ ಅದೇ ಗುಳಿಯಿಂದ ನೋಡಿ ಹೇಳು ಎಂದಳು. ಮುಂದಿನ ಭಾನುವಾರ ಕಲ್ಲು ಎತ್ತಿ, ಕಾಲು ಇಳಿಸಿ ತೆಗೆದ ಚಿತ್ರ ಹಿಂದಿನ ವಾರದ್ದರ ಮೇಲೆ ಕಲ್ಲಿಗೆ ಕಲ್ಲು ಕೂತಿತು. ಇಂಜಿನಿಯರ್ ಎರಡನ್ನೂ ತೆಗೆದುಕೊಂಡು ಗೋಡೆಯ ಹತ್ತಿರ ಹೋಗಿ ಗಂಟೆಗಟ್ಟಲೆ ಕುಟ್ಟಿ, ತಟ್ಟಿ ನೋಡಿದರು. ಗೋಡೆಯಲ್ಲಿ ನೀರು ಹೋಗುವ ತೂತುಗಳು ಕಟ್ಟಿಕೊಂಡಿದ್ದವು, ಬಿಡಿಸಿದರು. ಬಿರುಕು ಮೇಲ್ಮಣ್ಣಿನದು ಎಂದರು. ಅದಾದ ಮೇಲೆ ಪಿಕಪ್ ಗಾಡಿ ಹಾಸಿಗೆ, ಪಾತ್ರೆ ಹೇರಿಕೊಂಡು ಕುಂದಾದಿಂದ ಬಂತು. ಸೆಲ್ವಿ ಅಕ್ಕ ಇಳಿದು ಮೊದಲು ಮಾತಾಡಿಸಿದ್ದು ಮಾಮಿಯನ್ನು. ನನ್ನನ್ನು ಮಾತಾಡಿಸಲು ಇನ್ನೂ ನಾಲ್ಕು ದಿನ ತೆಗೆದುಕೊಂಡಳು. ನ್ಯಾಯವೇ.

ಎದುರಿನ ಗೋಡೆ ವಾಲಿದೆ ಎಂದು ಊರಿಗೆಲ್ಲ ಸಾರುವ ನಮ್ಮಲ್ಲಿ, ಒಮ್ಮೆ ಬಗ್ಗಿ ತನ್ನ ಕಾಲ ಬುಡ ನೋಡಿಕೊಂಡವರು ಎಷ್ಟು ಮಂದಿ?