ಯಾವ ಮೂರು ಗಂಟೆ?

ಈಗಷ್ಟೇ ಬೆಳಕು ಹರಿಯುತ್ತಿದೆ. ಗಿಡ್ಡ ಮನೆಯೊಂದರ ತಾರಸಿಯ ಮೇಲೆ ನೆರಳಕ್ಕ ಸೀಮೆಸುಣ್ಣ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಸಣ್ಣ ಮನೆಗಳಿಗೆ ಎಷ್ಟು ಸೋಲಾರ್ ಪ್ಯಾನೆಲ್, ಎಂಥ ಬ್ಯಾಟರಿ ಬೇಕೆಂದು ಲೆಕ್ಕ ಹಾಕುವುದು ಇವರ ಕೆಲಸ. ಹನ್ನೊಂದು ವರ್ಷದಿಂದ ಬಿಸಿಲಿಗಿಂತ ಮೊದಲು ನೆರಳನ್ನೇ ಅಳೆಯುತ್ತಾ ಬಂದದ್ದಕ್ಕೆ ಈ ಅಡ್ಡಹೆಸರು. ಅವರ ಒಂದು ದಿನದ ಕೆಲಸ ನೋಡಿ ಬರೆಯಲು ನಾನು ಜೊತೆಗೆ ಬಂದಿದ್ದೇನೆ.

"ಮಧ್ಯಾಹ್ನ ಎರಡಕ್ಕೇ ಬಿಸಿಲು ನುಂಗಿಬಿಡುತ್ತೆ ಇದು," ಎಂದು ಪಕ್ಕದ ನಾಲ್ಕಂತಸ್ತಿನ ಕಟ್ಟಡವನ್ನು ದುರುಗುಟ್ಟಿ ನೋಡುತ್ತಾರೆ. ತಾರಸಿಯಲ್ಲಿ ಎರಡು ಪ್ಯಾನೆಲ್‌ಗಷ್ಟೇ ಜಾಗ.

ಏಣಿ ಇಳಿದು ಮನೆಯೊಡತಿಯ ಮುಂದೆ ಪುಸ್ತಕ ಬಿಡಿಸುತ್ತಾರೆ. ಎರಡು ದೀಪ, ಒಂದು ಫ್ಯಾನು, ಒಂದು ಫೋನು. ಆಮೇಲೆ ನೆರಳಕ್ಕನದೇ ಒಂದು ಪ್ರಶ್ನೆ: "ನಿಂತ್ರೆ ಜೀವಕ್ಕೆ ಕುತ್ತು ಬರೋವಂಥದ್ದು ಏನಾದ್ರೂ ಇದೆಯಾ ತಾಯಿ?"

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಮೊದಲೆಲ್ಲ ಅವರು "ನಿಮ್ಮದು ಏನೇನಿದೆ?" ಎಂದಷ್ಟೇ ಕೇಳುತ್ತಿದ್ದರು. ಐದು ವರ್ಷದ ಹಿಂದೆ ಒಬ್ಬ ಸೊಸೆ ಮಿಕ್ಸಿಯವರೆಗೆ ಎಲ್ಲ ಬರೆಸಿದಳು, ಮಾವನ ಉಸಿರಾಟದ ಯಂತ್ರವೊಂದನ್ನು ಬಿಟ್ಟು. ಅದು ಆಸ್ಪತ್ರೆಯಿಂದ ಎರವಲು ತಂದದ್ದು, ಅವರದಲ್ಲ. ಸೋಲಾರ್ ಹಾಕಿದ ನಾಲ್ಕನೆಯ ದಿನ ಕರೆಂಟು ಹೋಗಿ ಬ್ಯಾಟರಿ ಬರಿದಾಯಿತು. ಮಾವ ಉಳಿಯಲಿಲ್ಲ.

"ಅವಳು ಸುಳ್ಳು ಹೇಳ್ಲಿಲ್ಲ ಸರ್. ನಾನು ಕೇಳಿದ ರೀತಿನೇ ತಪ್ಪು. ಒಂದೇ ಒಂದು ಪದ, 'ನಿಮ್ಮದು' ಅನ್ನೋದು."

ಇವತ್ತು ಮನೆಯೊಡತಿ ಪರದೆ ಸರಿಸುತ್ತಾರೆ. ಮಂಚದ ಮೇಲೆ ಗಂಡ, ಮೂಗಿಗೆ ನಳಿಕೆ, ಪಕ್ಕದಲ್ಲಿ ಗುರ್ರೆನ್ನುವ ಅದೇ ಬಗೆಯ ಯಂತ್ರ. ಮುನ್ನೂರು ವ್ಯಾಟ್ ಕುಡಿಯುತ್ತದೆ. ಈ ಗಲ್ಲಿಯಲ್ಲಿ ಕರೆಂಟು ಹೋದರೆ ಏಳು ಗಂಟೆ ಪತ್ತೆಯಿರುವುದಿಲ್ಲ.

ನೆರಳಕ್ಕ ಕೂಡುತ್ತಾರೆ, ಕಳೆಯುತ್ತಾರೆ, ಹೊಡೆದುಹಾಕಿ ಮತ್ತೆ ಕೂಡುತ್ತಾರೆ. ನನಗೋ ಆ ಕಟ್ಟಡಕ್ಕೆ ಕಲ್ಲು ಹೊಡೆಯುವಷ್ಟು ಸಿಟ್ಟು.

"ಮೂರು ಗಂಟೆ ಓಡುತ್ತೆ ತಾಯಿ. ದೀಪ, ಫ್ಯಾನು ಬಿಟ್ರೆ ನಾಲ್ಕು."

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ," ಮಂಚದಿಂದ ಗಂಡ ನಗಲು ನೋಡುತ್ತಾರೆ. ನಗು ಕೆಮ್ಮಾಗುತ್ತದೆ.

"ಕಾಲು ಮಡಚಬಹುದಣ್ಣ, ಉಸಿರು ಮಡಚೋಕಾಗುತ್ತಾ?" ಎನ್ನುತ್ತಾರೆ ನೆರಳಕ್ಕ.

ಮನೆಯೊಡತಿ ಕೇಳುತ್ತಾರೆ: "ಏಳರಲ್ಲಿ ಯಾವ ಮೂರು ಗಂಟೆ ಅಕ್ಕ?"

ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. ನೆರಳಕ್ಕ ಪೆನ್ನು ಮುಚ್ಚುತ್ತಾರೆ.

ಬೀದಿಗೆ ಬಂದ ಮೇಲೆ, ನಿಮ್ಮ ಆಸೆಯೇನು ಎಂದು ಕೇಳುತ್ತೇನೆ. ತಲೆಯೆತ್ತಿ ಆ ತಾರಸಿಯತ್ತ ಬೆರಳು ತೋರುತ್ತಾರೆ.

"ದೊಡ್ಡಾಸೆ ಏನಿಲ್ಲ ಸರ್. ಮಧ್ಯಾಹ್ನ ಎರಡಾದ್ಮೇಲೂ ಅಲ್ಲಿ ಒಂಚೂರು ಬಿಸಿಲು ಇರ್ಲಿ."